ಮದ್ರಾಸು ಯಾವತ್ತು ಮುಗೀತು

ಕೊಳ್ಳೇಗಾಲದ ಹಳಬರನ್ನು ಯಾವ ಹಳೇ ಸಂಗತಿ ಕೇಳಿ ನೋಡಿ, ಬಾಯಿಂದ ಮೊದಲು ಬರುವುದು ಎರಡರಲ್ಲಿ ಒಂದು ಮಾತು. "ಅದು ಮದ್ರಾಸ್ ಕಾಲ್ದಲ್ಲಿ ಕಣಪ್ಪ" ಅನ್ನುತ್ತಾರೆ, ಇಲ್ಲವೇ "ಮೈಸೂರಿಗೆ ಸೇರುದ್ ಮೇಲೆ" ಅನ್ನುತ್ತಾರೆ. ಮದುವೆಯಾದದ್ದು, ಬಾವಿ ತೋಡಿಸಿದ್ದು, ಎಮ್ಮೆ ಕಳೆದುಹೋದದ್ದು, ಎಲ್ಲವನ್ನೂ ಹೀಗೆ ಎರಡು ಪಾಲು ಮಾಡಿ ಇಟ್ಟುಕೊಂಡಿದ್ದಾರೆ. ಮಗ್ಗದ ಬೀದಿಯ ರುದ್ರಸ್ವಾಮಿ ಒಬ್ಬನಿಗೆ ಮಾತ್ರ ಈ ಪಾಲು ಮಾಡುವುದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. "ಮದ್ರಾಸು ಯಾವತ್ತು ಮುಗೀತು? ಯಾವ ಗಳಿಗೇಲಿ ಮುಗೀತು? ನೀ ನೋಡ್ದಾ?" ಎಂದು ಜಗಳಕ್ಕೇ ನಿಲ್ಲುತ್ತಿದ್ದ. ಬೀದಿಯ ಪಡ್ಡೆಗಳು ಬೇಕಂತಲೇ ಕೆಣಕಿ ನಗುತ್ತಿದ್ದರು. ಅವನಿಗೊಬ್ಬಳು ತಂಗಿ ಇದ್ದಾಳೆ ಅನ್ನುವುದು ಗೊತ್ತಿದ್ದವರು ನಗುತ್ತಿರಲಿಲ್ಲ.

ರುದ್ರಸ್ವಾಮಿ ಆಳು ಒಳ್ಳೆಯವನೇ. ಕಳ್ಳ ಅಲ್ಲ, ಸುಳ್ಳ ಅಲ್ಲ. ಅವನು ನೇಯ್ದ ರೇಷ್ಮೆ ಸೀರೆಯನ್ನು ಅಂಗಡಿಯ ಸಾಹುಕಾರರು ಬಿಚ್ಚಿ ನೋಡದೆ ತೆಗೆದುಕೊಳ್ಳುತ್ತಿದ್ದರು. ಕೋಪ ಮಾತ್ರ ಮೂಗಿನ ತುದಿಯಲ್ಲಿ. ಕೋಪವಾದರೂ ವಾಸಿ, ಬಂದು ಹೋಗುತ್ತಿತ್ತು. ಹಠ ಬಂದರೆ ಚಾಪೆ ಹಾಸಿಕೊಂಡು ಅಲ್ಲೇ ಮಲಗಿಬಿಡುತ್ತಿತ್ತು.

ಅಪ್ಪ ಹೋದಾಗ ಇವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ, ತಂಗಿ ಸುವರ್ಣ ಇನ್ನೂ ಲಂಗದ ಮಗು. ಅವತ್ತಿನಿಂದ ಗುಂಡಿ ಮಗ್ಗದೊಳಗೆ ಕಾಲಿಟ್ಟವನು ತಾಯಿ ಸರಸ್ವತಮ್ಮನನ್ನೂ ತಂಗಿಯನ್ನೂ ಸಾಕಿದ. ತಂಗಿಯೆಂದರೆ ಪ್ರಾಣ. ಅವಳ ಕೈಗುಣವೂ ಅಂಥದ್ದೇ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಕಟ್ಟಿದ ಎಳೆಗಳು, ಮುಗಿಯುತ್ತ ಬಂದರೆ ನೇಕಾರರು ಅದನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಹಳೇ ಹಾಸಿನ ಬಾಲವನ್ನು ಬಾಚಣಿಗೆಯಂಥ ಅಚ್ಚಿನಲ್ಲೇ ಉಳಿಸಿಕೊಂಡು, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸುತ್ತಾರೆ. ಕೆಚ್ಚುವುದು ಅನ್ನುತ್ತಾರೆ ಅದಕ್ಕೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಕತ್ತು ಬಗ್ಗಿಸಿ, ಸಾವಿರಾರು ಎಳೆ ಕೆಚ್ಚಬೇಕು. ಸುವರ್ಣ ಕೆಚ್ಚಲು ಕೂತರೆ ಹಾಡು ಗುನುಗುತ್ತ ಮುಗಿಸಿಬಿಡುತ್ತಿದ್ದಳು, ಒಂದೆಳೆ ಕಿತ್ತು ಬರುತ್ತಿರಲಿಲ್ಲ.

ಅವಳಿಗೆ ಗಂಡು ಹುಡುಕುವ ಹೊತ್ತಿಗೆ ಎಡವಟ್ಟಾಯಿತು. ರುದ್ರಸ್ವಾಮಿ ಸತ್ಯಮಂಗಲದ ಕಡೆಯ ಒಂದು ಮನೆಗೆ ಮಾತು ಕೊಟ್ಟು ಬಂದಿದ್ದ. ಸುವರ್ಣಳ ಮನಸ್ಸು ಹೊನ್ನೂರಿನ ನಾಗಯ್ಯನ ಮೇಲಿತ್ತು. ನಮ್ಮವರೇ, ಯಳಂದೂರಿನಲ್ಲಿ ಸಣ್ಣ ಬಟ್ಟೆ ಅಂಗಡಿ, ಸೀರೆ ಕೊಳ್ಳಲು ಮನೆಗೆ ಬಂದು ಹೋಗುತ್ತಿದ್ದವನು. ತಾಯಿ ಮಗಳ ಪಕ್ಕ ನಿಂತಳು. ಮಗನನ್ನು ಕೇಳಿದರೆ ರಂಪವಾದೀತು ಎಂದು ಹೆದರಿ, ಕೇಳದೆಯೇ ಯಳಂದೂರಿನ ತನ್ನ ತಮ್ಮನ ಮನೆಯಲ್ಲಿ ವೈಶಾಖಕ್ಕೆ ಲಗ್ನ ಇಡಿಸಿಬಿಟ್ಟಳು. ಐವತ್ತಾರನೇ ಇಸವಿ ಅದು. ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ, ಮದ್ರಾಸು ರಾಜ್ಯ. ಅತ್ತ ಯಳಂದೂರು ಮೈಸೂರು. ನಡುವೆ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ, ದಾರಿಯ ಮೇಲೊಂದು ಚೆಕ್‌ಪೋಸ್ಟಿನ ಷೆಡ್ಡು.

"ಮನೆ ಯಜಮಾನ ನಾನು. ನನ್ನನ್ನು ಒಂದು ಮಾತು ಕೇಳ್ಳಿಲ್ವಲ್ಲವ್ವ!" ಎಂದು ರುದ್ರಸ್ವಾಮಿ ಕುದಿದ. ಆ ನೋವು ನಿಜವಾದದ್ದೇ, ಅದನ್ನು ಅಲ್ಲಗಳೆಯಬಾರದು. ಆದರೆ ಲಗ್ನಕ್ಕೆ ಹೊರಡುವ ಹೊತ್ತಿಗೆ ಗಾಡಿಯಲ್ಲಿ ಕೂತಿದ್ದ ತಂಗಿಯ ಎದುರು, ಬೀದಿಯ ಅಷ್ಟೂ ಜನರ ಎದುರು, ಅವನು ಆಡಿದ ಮಾತಿದೆಯಲ್ಲ, ಅದನ್ನು ಆಡಬಾರದಿತ್ತು.

"ಮೈಸೂರು ಸೀಮೆಗೆ ಓಯ್ತಾ ಇದ್ದೀಯೆ, ಓಗು. ಮದ್ರಾಸು ಮೈಸೂರು ಅನ್ನೋ ಈ ಗಡಿ ಇರೋಗಂಟ ನಾನು ನಿನ್ನ ಬಾಗಲಿಗೆ ಗೌರಿ ಬಾಗಿನ ತತ್ತೀನಿ ಅಂತ ಮಾತ್ರ ಕಾಯ್ಬೇಡ."

ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ ಅಂದರೆ ನಮ್ಮ ಕಡೆ ಹೆಣ್ಣಿಗೆ ಅದೇನು ಸಣ್ಣ ಮಾತೇ? ಅಣ್ಣನೋ ತಮ್ಮನೋ ಮೊರದ ತುಂಬ ಅಕ್ಕಿ ಬೇಳೆ, ಬೆಲ್ಲ, ಕಾಯಿ, ಬಳೆ, ಅರಿಶಿನ ಕುಂಕುಮ, ಸೀರೆ ಇಟ್ಟು, ಮೇಲೊಂದು ಮೊರ ಮುಚ್ಚಿ ಹೊತ್ತುಕೊಂಡು ಬರಬೇಕು. ಬಾರದ ಮನೆಯ ಹೆಣ್ಣನ್ನು ಓರಗಿತ್ತಿಯರು ನೋಡುವ ನೋಟವೇ ಬೇರೆ. ಗಾಡಿಯಲ್ಲಿದ್ದ ಸುವರ್ಣಳ ಕಣ್ಣು ತುಂಬಿ ಬಂತು. ಆದರೂ ಕೇಳಿದಳು:

"ಗಡಿ ಓದ್ರೆ ಬತ್ತೀಯಾ ಅಣ್ಣಯ್ಯ?"

"ಓದಾಗ ಬತ್ತೀನಿ, ಓಗು."

ಅಜ್ಜ ಮುತ್ತಜ್ಜನ ಕಾಲದಿಂದ ಇದ್ದ ಗಡಿ, ಎಲ್ಲಿ ಹೋಗುತ್ತದೆ ಎಂಬ ಧೈರ್ಯ ಅವನಿಗೆ. ಸೀಮೆ ಸೇರಿಸುವ ಮಾತು ಪೇಪರಿನಲ್ಲಿ ಬರುತ್ತಲೇ ಇತ್ತು. ಪೇಪರಿನವರು ಬಾಯಿಗೆ ಬಂದದ್ದು ಬರೆಯುತ್ತಾರೆ ಎಂದು ಇವನು ಕಿವಿಗೇ ಹಾಕಿಕೊಂಡಿರಲಿಲ್ಲ.

ಆ ಭಾದ್ರಪದಕ್ಕೆ ಮೊದಲ ಗೌರಿ ಬಂತು. ಹೋಗಲಿಲ್ಲ. ದೀಪಾವಳಿಯ ಆಸುಪಾಸಿಗೆ ನೋಡಿ, ಊರಿಗೆ ಊರೇ ಎದ್ದು ಕೂತಿತು. ನವೆಂಬರ್ ಒಂದನೇ ತಾರೀಕು ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿಹೋಯಿತು! ಪಟಾಕಿ, ಮೆರವಣಿಗೆ, ಸಿಹಿ. ಸರಸ್ವತಮ್ಮ ಸಕ್ಕರೆ ಹಿಡಿದುಕೊಂಡು ಮಗ್ಗದ ಹತ್ತಿರ ಓಡಿಬಂದಳು.

"ಬಾಯಿ ತೆಗಿ ಮಗ. ಗಡಿ ಓಯ್ತಂತೆ. ಬರೋ ಗೌರಿಗೆ ಓಗಿ ಬಾಗಿನ ಕೊಟ್ಬುಟ್ಟು ಬಾ."

ಮಗ ಲಾಳಿ ಎಸೆಯುವುದನ್ನು ನಿಲ್ಲಿಸಲಿಲ್ಲ. "ಯಾರಂದ್ರು ಓಯ್ತು ಅಂತ? ಷೆಡ್ಡು ಅಲ್ಲೇ ಅದೆ."

ಹಬ್ಬದ ಮಾರನೆಯ ವಾರ ಹೊನ್ನೂರಿನ ಮಾದಯ್ಯ ಬಂದ. ಸಂತೆಗೆ ತೆಂಗಿನಕಾಯಿ ತರುತ್ತಿದ್ದ ಸಣ್ಣ ರೈತ, ನಾಗಯ್ಯನ ಮನೆಯ ಎದುರಿನವನು. ಜಾತಿಯವನಲ್ಲ, ನೆಂಟನಲ್ಲ. ಬಾಗಿಲಲ್ಲೇ ನಿಂತು ಟವಲು ಕೈಗೆ ತೆಗೆದುಕೊಂಡು ಕೇಳಿದ:

"ನಿಮ್ಮ ತಂಗವ್ವ ಕೇಳ್ಕಂಡು ಬಾ ಅಂತು ಸಾ. ಗಡಿ ಓಯ್ತಂತಲ್ಲ, ಅಣ್ಣಯ್ಯಂಗೆ ಗೊತ್ತಾಗದಾ ಅಂತ."

"ಇನ್ನೂ ಓಗಿಲ್ಲ ಅನ್ನು," ಅಂದ ರುದ್ರಸ್ವಾಮಿ.

ಶಿವನೇ, ಆ ಮೂರು ಮಾತಿನಿಂದ ಶುರುವಾಯಿತು ನೋಡಿ. ಆಡಿದ್ದು ಹಠಕ್ಕೆ, ಆಮೇಲೆ ಅದಕ್ಕೊಂದು ನ್ಯಾಯ ಹುಡುಕಿಕೊಂಡ. ಮಗ್ಗದವನಲ್ಲವೇ, ನ್ಯಾಯವೂ ಮಗ್ಗದ್ದೇ. ಹೊಸ ಹಾಸು ಕೆಚ್ಚಿದ ಮಾತ್ರಕ್ಕೆ ಹೊಸ ಹಾಸು ಆಗಿಬಿಡುತ್ತದೆಯೇ? ಹಳೆಯದರ ಬಾಲ ಅಚ್ಚಿನೊಳಗೆ ಇರುತ್ತದೆ. ಕೂಡಿಸಿದ ಕೂಡಿಕೆಗಳೆಲ್ಲ ಅಚ್ಚು ದಾಟಿ ಈಚೆ ಬರುವ ತನಕ ನೇಯುತ್ತಿರುವುದು ಹಳೇ ಹಾಸೇ. ರಾಜ್ಯವೂ ಹಾಗೇ. ದೆಹಲಿಯಲ್ಲಿ ಕೂತು ಕೆಚ್ಚಿರಬಹುದು, ಕೊಳ್ಳೇಗಾಲದಲ್ಲಿ ಇನ್ನೂ ದಾಟಿಲ್ಲ.

"ಗಂಟು ತಾನಾಗಿ ದಾಟ್ತದಾ ಮಗ?" ಎಂದು ಸರಸ್ವತಮ್ಮ ಕೇಳಿದಳು. "ನೀನು ಎಳ್ಕಂಡ್ರೆ ತಾನೆ ದಾಟೋದು?"

ಮಗ ಮತ್ತೆ ಲಾಳಿ ಎಸೆದ.

ಅಲ್ಲಿಂದಾಚೆಗೆ ವರ್ಷಕ್ಕೊಂದು ನೆಪ. ಪೇಟೆಯಲ್ಲಿ ಇನ್ನೂ ಮದ್ರಾಸು ಪಡಿಯಲ್ಲೇ ಅಕ್ಕಿ ಅಳೆಯುತ್ತಾರೆ, ಮೈಸೂರು ಸೇರು ಬರಲಿ ನೋಡೋಣ ಅಂದ. ಅಷ್ಟರಲ್ಲಿ ಕಿಲೋ ಬಂದು ಪಡಿ, ಸೇರು ಎರಡನ್ನೂ ಮೂಲೆಗೆ ತಳ್ಳಿತು. "ಇದು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ" ಎಂದು ಮುಖ ಸಿಂಡರಿಸಿದ. ಹಳೇ ಜಮೀನು ಪತ್ರಗಳೆಲ್ಲ ಇನ್ನೂ ತಮಿಳಿನಲ್ಲೇ ಇವೆ ಅಂದ. ಹನೂರಿನ ಕಡೆಯ ಹಳ್ಳಿಗಳಲ್ಲಿ ಮುದುಕರು ಇವತ್ತಿಗೂ "ನಮ್ಮದು ಕೊಯಮತ್ತೂರು ಜಿಲ್ಲೆ" ಅನ್ನುತ್ತಾರೆ, ಬೇಕಾದರೆ ಬಂಡಳ್ಳಿಗೆ ಹೋಗಿ ಕೇಳಿಕೊಂಡು ಬಾ ಅಂದ. ಚೆಕ್‌ಪೋಸ್ಟಿನ ಷೆಡ್ಡಿನ ತಗಡನ್ನು ಯಾರೋ ಹೊತ್ತುಕೊಂಡು ಹೋದರು. ಕಂಬ ಇದೆಯಲ್ಲ ಅಂದ. ಹೆಂಡತಿ ವೀರಮ್ಮ ಒಂದು ಸಲ ತಡೆಯಲಾರದೆ, "ಆ ಕಂಬ ನಾನೇ ಓಗಿ ಕಿತ್ಕಂಡ್ ಬತ್ತೀನಿ, ಅನ್ನ ಬೇಯ್ಸೋಕೂ ಆಯ್ತದೆ" ಎಂದು ಜಾಡಿಸಿದಳು.

ಇಷ್ಟೆಲ್ಲ ಮಾಡುವವನಿಗೆ ತಂಗಿ ಬೇಡವಾಗಿದ್ದಳು ಅಂದುಕೊಳ್ಳಬೇಡಿ. ಅದೇ ಹೊಟ್ಟೆ ಉರಿಸುವ ಸಂಗತಿ. ಆಷಾಢ ಕಳೆಯುತ್ತಲೂ ಯಾರಿಗೂ ಹೇಳದೆ ಒಂದು ಸೀರೆಯ ಬಣ್ಣ ತಾನೇ ಆರಿಸುತ್ತಿದ್ದ. ಒಂದು ವರ್ಷ ಕುಂಕುಮದ ಕೆಂಪು, ಒಂದು ವರ್ಷ ನವಿಲು ಬಣ್ಣ. ನೇಯ್ದು, ಮಡಿಸಿ, ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಗೌರಿಯ ಹಿಂದಿನ ದಿನ ಪೆಟ್ಟಿಗೆ ತೆರೆದು ನೋಡುತ್ತಿದ್ದ. ಹೋದರೆ ಸೋತಂತೆ, ಬೀದಿಯವರು ಆಡಿಕೊಳ್ಳುತ್ತಾರೆ, ಇದೊಂದು ವರ್ಷ ಕಳೆಯಲಿ ಅನ್ನಿಸುತ್ತಿತ್ತು. ಹಬ್ಬ ಕಳೆದ ಮೇಲೆ ಸೀರೆ ಸಾಹುಕಾರರ ಅಂಗಡಿಗೆ ಹೋಗುತ್ತಿತ್ತು. ಯಾರ್‍ಯಾರ ಮದುವೆಯಲ್ಲೋ ಯಾರ್‍ಯಾರೋ ಉಟ್ಟರು ಸುವರ್ಣಳ ಸೀರೆಗಳನ್ನು.

ಮಾದಯ್ಯ ಮೊದಮೊದಲು ಪ್ರತಿ ಶ್ರಾವಣದಲ್ಲೂ ಬಂದು ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳುತ್ತಿದ್ದ. ಆಮೇಲೆ ಬರೀ ಕಾಯಿ ಹಾಕಿ, ಎಲ್ಲ ಚೆನ್ನಾಗವ್ರೆ ಅಂದು ಹೋಗುತ್ತಿದ್ದ. ಪ್ರಶ್ನೆ ಯಾವಾಗ ನಿಂತಿತೆಂದು ರುದ್ರಸ್ವಾಮಿ ಗಮನಿಸಲಿಲ್ಲ.

ಒಮ್ಮೆ ತನ್ನ ಪಕ್ಷಕ್ಕೆ ಓದಿದವರೊಬ್ಬರು ಇರಲಿ ಎಂದು ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದ ಚೌಡಯ್ಯ ಮೇಷ್ಟರನ್ನು ತಡೆದು ನಿಲ್ಲಿಸಿದ.

"ಸಾ, ಒಂದು ಕಾಲ ಮುಗೀತು, ಇನ್ನೊಂದು ಸುರುವಾಯ್ತು ಅಂತ ಎಂಗೆ ಗೊತ್ತು ಮಾಡ್ತೀರಿ ನೀವು?"

ಮೇಷ್ಟರಿಗೆ ಇಂಥ ಪ್ರಶ್ನೆಯೆಂದರೆ ಕಾಫಿ ಕುಡಿದಷ್ಟು ಖುಷಿ. "ಅದು ಬಲು ಕಷ್ಟ ಕಣಯ್ಯ. ಶ್ರೀರಂಗಪಟ್ಟಣ ಬಿದ್ದ ದಿವಸ ಟಿಪ್ಪು ಕಾಲ ಮುಗೀತು ಅಂತೀವಿ. ಅವತ್ತು ಕೊಳ್ಳೇಗಾಲದಲ್ಲಿ ಯಾರಿಗೆ ಗೊತ್ತಿತ್ತು? ಮಾರನೇ ದಿನ ಎದ್ದು ನಿಮ್ಮೋರು ಮಗ್ಗ ನೇಯ್ದಿರ್ತಾರೆ. ಗೆರೆ ಅನ್ನೋದು ಭೂಮಿ ಮೇಲೆ ಎಲ್ಲೂ ಇರೋದಿಲ್ಲ. ನಾವು ಎಳೀತೀವಿ ಅಷ್ಟೆ."

"ಅಂಗೇಳಿ ಮತ್ತೆ!" ರುದ್ರಸ್ವಾಮಿಯ ಎದೆ ಉಬ್ಬಿತು.

"ತಾಳು, ಪೂರ್ತಿ ಕೇಳು. ಎಳೆಯೋದು ಕಷ್ಟ ಅಂತ ಎಳೀದೆ ಬಿಡೋಕಾಗುತ್ತಾ? ಪರೀಕ್ಷೇಲಿ ಯಾವ ಇಸವೀನೂ ಬರೀದೆ ಬಂದ ಹುಡುಗನಿಗೆ ನಾನು ಸೊನ್ನೇನೇ ಕೊಡೋದು."

ರುದ್ರಸ್ವಾಮಿ ಮನೆಗೆ ತಂದದ್ದು ಮೊದಲಿನ ಅರ್ಧ ಮಾತ್ರ. ಗೆರೆಯೇ ಇಲ್ಲ ಎಂದು ಮೇಷ್ಟರೇ ಹೇಳಿದರು ಎಂದು ಬೀದಿಯಲ್ಲೆಲ್ಲ ಸಾರಿಕೊಂಡು ಬಂದ.

ಅರವತ್ತೈದರ ಮಾಘದಲ್ಲಿ ಸರಸ್ವತಮ್ಮ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಬೇರೇನೂ ಕೇಳಲಿಲ್ಲ. ನೀರು ಕುಡಿಸಲು ಬಂದ ಮಗನ ಕೈ ಹಿಡಿದು, "ನಾನು ಮಾಡಿದ್ದು ತಪ್ಪು ಕಣಪ್ಪ, ನಿನ್ನ ಕೇಳ್ಬೇಕಾಗಿತ್ತು. ಆ ಮಗೀಂದು ಏನೂ ತಪ್ಪಿಲ್ಲ. ಓಗಿ ಬಾ" ಅಂದಳು. ರುದ್ರಸ್ವಾಮಿ ಹೂಂ ಅಂದ. ಸತ್ಯವಾಗಿಯೂ ಅಂದ.

ಮಣ್ಣಿಗೆ ಸುವರ್ಣ ಬಂದಳು. ಎರಡು ಮಕ್ಕಳ ತಾಯಿ, ಕೆನ್ನೆ ಬತ್ತಿತ್ತು. ತಾಯಿಯ ಪಾದದ ಹತ್ತಿರ ಕೂತು ಅತ್ತವಳು ಎದ್ದು ಅಣ್ಣನ ಮುಖ ನೋಡಿದಳು. ಅವನು ಒಂದು ಮಾತು ಆಡಬಹುದಾಗಿತ್ತು. ಸುತ್ತ ಜನ ಇದ್ದರು. ಗುಣಿ ತೋಡುವವರನ್ನು ನೋಡಿಬರುವವನ ಹಾಗೆ ಹೊರಗೆ ಹೋಗಿಬಿಟ್ಟ. ಮಣ್ಣು ಮುಗಿಸಿ ಮನೆಗೆ ಹಿಂದಿರುಗಿ ಬರುವಷ್ಟರಲ್ಲಿ ಅವಳ ಬಸ್ಸು ಹೊರಟಿತ್ತು. "ಬರೋ ಗೌರಿಗೆ ಖಂಡಿತ" ಎಂದು ವೀರಮ್ಮನಿಗೆ ಹೇಳಿದ. ಗೌರಿ ಬರುವ ಹೊತ್ತಿಗೆ, ತಾಯಿ ಸತ್ತ ವರ್ಷ ಹಬ್ಬವಿಲ್ಲ, ಬಾಗಿನ ಹೇಗೆ ಕೊಡುವುದು ಅನ್ನುವುದು ನೆನಪಾಯಿತು. ಅದರ ಮುಂದಿನ ಗೌರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಏಕೆಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ಒಂದು ವರ್ಷ ನಿಂತದ್ದು ಇನ್ನೊಂದು ವರ್ಷವೂ ಸುಲಭವಾಗಿ ನಿಂತುಬಿಡುತ್ತದೆ. ಅವನಿಗೆ ಹಠ ಕೂಡ ಆಗ ಅಷ್ಟಾಗಿ ಉಳಿದಿರಲಿಲ್ಲ. ಅಭ್ಯಾಸ ಉಳಿದಿತ್ತು.

ಎಪ್ಪತ್ತಮೂರರ ನವೆಂಬರಿನಲ್ಲಿ ಬೀದಿಯಲ್ಲಿ ಮತ್ತೆ ಮೆರವಣಿಗೆ. ಕನ್ನಡಕ ಸರಿಮಾಡಿಕೊಳ್ಳುತ್ತ ರುದ್ರಸ್ವಾಮಿ ಜಗಲಿಗೆ ಬಂದ. ರಿಟೈರಾದ ಚೌಡಯ್ಯ ಮೇಷ್ಟರು ಕೋಲೂರಿಕೊಂಡು ಮೆರವಣಿಗೆಯ ಹಿಂದೆ ಬರುತ್ತಿದ್ದರು.

"ಏನು ಸಾ ಗಲಾಟೆ?"

"ರಾಜ್ಯದ ಹೆಸರು ಬದಲಾಯ್ತಲ್ಲಯ್ಯ. ಇವತ್ತಿಂದ ಕರ್ನಾಟಕ."

"ಅಂಗಾದ್ರೆ ಮೈಸೂರು ರಾಜ್ಯ?"

"ಮುಗೀತು!" ಮೇಷ್ಟರು ತಮಾಷೆಗೆ ಕೋಲೆತ್ತಿ ತೋರಿಸಿದರು. "ನಿನ್ನ ಲೆಕ್ಕದಲ್ಲಿ ಇನ್ನೂ ಸುರುವೇ ಆಗಿರಲಿಲ್ಲ, ಅಲ್ವಾ?"

ನಕ್ಕು ಮುಂದೆ ಹೋದರು. ರುದ್ರಸ್ವಾಮಿ ಜಗಲಿ ಇಳಿಯಲಿಲ್ಲ. ಒಳಗೆ ಬಂದು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ. ಶುರುವಾಗಲಿ ಎಂದು ತಾನು ಕಾಯುತ್ತಿದ್ದ ಕಾಲ ಬಂದು, ಇದ್ದು, ಮುಗಿದೂ ಹೋಗಿತ್ತು. ಅದರೊಳಗೇ ತಲೆ ನೆರೆದಿತ್ತು, ತಾಯಿ ಸತ್ತಿದ್ದಳು, ತಂಗಿಯ ಮಗಳು ಮದುವೆಗೆ ಬಂದಿರಬೇಕು. ಏನಾಯಿತೆಂದು ವೀರಮ್ಮ ಬಂದು ನೋಡಿದರೆ ಗಂಡಸು ಪಂಚೆಯ ತುದಿ ಬಾಯಿಗೆ ಒತ್ತಿಕೊಂಡು ಅಳುತ್ತಿದ್ದ. "ಓಗ್ಬೇಕಾಗಿತ್ತು ಕಣೆ. ಅವತ್ತೇ ಓಗ್ಬೇಕಾಗಿತ್ತು."

"ಈಗೋಗಿ," ಅಂದಳು ವೀರಮ್ಮ.

"ಬರಿಗೈಲಿ ಎಂಗೆ ಓಗ್ಲಿ? ಗೌರಿ ಬರ್ಲಿ."

ಅಯ್ಯೋ ಪುಣ್ಯಾತ್ಮ! ಅವತ್ತೇ ಬಸ್ಸು ಹತ್ತಿದ್ದರೆ ಗಂಟೇನು ಹೋಗುತ್ತಿತ್ತು? ಆದರೂ ಈ ಸಲ ಮಾತಿಗೆ ತಪ್ಪಲಿಲ್ಲ. ಮುಂದಿನ ಭಾದ್ರಪದಕ್ಕೆ ಅರಿಶಿನದ ಮೈ, ಕೆಂಪು ಅಂಚಿನ ಸೀರೆ ನೇಯ್ದ. ಕಣ್ಣು ಮಂಜಾಗಿ ಎರಡು ಕಡೆ ನೇಯ್ಗೆ ತಪ್ಪಿತ್ತು, ಬಿಚ್ಚಿ ಸರಿಮಾಡಿದ. ಹೊಸ ಮೊರದ ಜೋಡಿ, ಬಳೆ, ಕಾಯಿ ಎಲ್ಲ ಕಟ್ಟಿಕೊಂಡು, ಗೌರಿಯ ದಿನ ಬೆಳಗಿನ ಬಸ್ಸಿಗೆ ಯಳಂದೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೊನ್ನೂರಿನಲ್ಲಿ ಇಳಿದ. ಭತ್ತದ ಗದ್ದೆಯ ಅಂಚಿನಲ್ಲಿ ಮನೆ ಎಂದು ಕೇಳಿ ಗೊತ್ತಿತ್ತು. ಮೊರವನ್ನು ತಲೆಯ ಮೇಲೆ ಹೊತ್ತುಕೊಂಡೇ ಹೊಸ್ತಿಲ ಮುಂದೆ ನಿಂತು, "ಸುವರ್ಣ" ಎಂದು ಕೂಗಿದ.

ಹೊರಗೆ ಬಂದವಳು ಒಂದು ಗಳಿಗೆ ಗುರುತು ಹಚ್ಚುವವಳ ಹಾಗೆ ನೋಡಿದಳು. ಆಮೇಲೆ ಸೆರಗು ಹೊದ್ದು, "ಬನ್ನಿ ಅಣ್ಣಯ್ಯ. ಒಳಗೆ ಬನ್ನಿ. ಬಿಸಿಲಲ್ಲಿ ಬಂದಿದ್ದೀರಿ" ಅಂದಳು. ಗಾಡಿಯಲ್ಲಿ ಕೂತು "ಬತ್ತೀಯಾ" ಎಂದು ಕೇಳಿದ್ದ ಹುಡುಗಿ ಇವಳು. ಮುಖದಲ್ಲಿ ಕೋಪದ ಸುಳಿವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಪಡಸಾಲೆಯಲ್ಲಿ ನಾಗಯ್ಯನ ಪಕ್ಕ ಮಾದಯ್ಯ ಊಟಕ್ಕೆ ಕೂತಿದ್ದ. ದೇವರ ಮುಂದೆ ಒಂದು ಜೊತೆ ಮೊರ, ಅದರಲ್ಲಿ ಗಾಜಿನ ಬಳೆ, ಒಂದು ಹಿಡಿ ಹೂವು, ನೂಲಿನ ಸೀರೆ. ರುದ್ರಸ್ವಾಮಿ ತನ್ನ ಮೊರ ಇಳಿಸಿ ಅದರ ಪಕ್ಕ ಇಡಹೋದ. ಸುವರ್ಣ ಮೆಲ್ಲಗೆ ಅಂದಳು:

"ಇಲ್ಲಿ ಗೋಡೆ ಪಕ್ಕ ಇಡಿ ಅಣ್ಣಯ್ಯ. ತವರಿನ ಬಾಗಿನ ಬೆಳಗ್ಗೇನೇ ಬಂತು. ಒಂದೇ ಗೌರಿಗೆ ಎರಡು ತವರಿಂದ ತಕಬಾರದು. ಇದ ನನ್ನ ಮಗಳಿಗೆ ಕೊಟ್ಟೋಗಿ, ಸೋದರಮಾವ ಅಂತ ಉಟ್ಕತಾಳೆ."

ಮಾದಯ್ಯ ಎಲೆಯ ಮುಂದಿಂದ ಅರ್ಧ ಎದ್ದುಬಿಟ್ಟ. "ತಪ್ಪು ತಿಳಕಬೇಡಿ ಸಾ. ಅಕ್ಕ ಹಬ್ಬದ ದಿನ ಉಪಾಸ ಕೂತ್ಕಂಡಿರೋದು. ನೋಡಕಾಯ್ತಿರಲಿಲ್ಲ. ನೀವು ಬರೋಗಂಟ ಅಂತ ಒಂದು ವರ್ಷ ಕೊಟ್ಟೆ. ಅಂಗೇ ಆಗೋಯ್ತು."

ಸುವರ್ಣ ಮಾದಯ್ಯನನ್ನು ಕೂರಿಸಿದಳು, ಅಣ್ಣನಿಗೂ ಎಲೆ ಹಾಕಿದಳು. "ಹಬ್ಬದ ದಿನ ಬಂದ ನೆಂಟರು ಅಂಗೇ ಓಗಬಾರದು" ಅಂದಳು. ನೆಂಟರು ಅನ್ನುವ ಮಾತು ಅವನಿಗೆ ಕೇಳಿಸಿತು. ಕೈತೊಳೆದು ಕೂತ. ಅನ್ನ ಕಲಸಿದ, ಬಾಯಿಗಿಡಲಾಗಲಿಲ್ಲ.

"ಅದ್ಯಾವ ವರ್ಷ ಸುವರ್ಣ?"

"ಯಾವುದು ಅಣ್ಣಯ್ಯ?"

"ನನ್ನ ಬುಟ್ಬುಟ್ಟಿದ್ದು. ಅವ್ವ ಸತ್ತ ವರ್ಷವಾ? ಅದಕ್ಕಿಂತ ಮುಂಚೇನಾ? ನಾನು ಎಷ್ಟು ತಡವಾಗಿ ಬಂದೆ ಅಂತ ನಂಗೆ ಗೊತ್ತಾಗ್ಲಿ. ಯಾವ್ದಾದ್ರೂ ಒಂದು ಇಸವಿ ಏಳವ್ವ."

ಸುವರ್ಣ ಬಡಿಸುವುದನ್ನು ನಿಲ್ಲಿಸಿ ನಿಜವಾಗಿಯೂ ಯೋಚನೆ ಮಾಡಿದಳು. ಅಣ್ಣ ಕೇಳಿದ್ದಕ್ಕೆ ಸುಳ್ಳು ಹೇಳುವ ಜಾತಿಯಲ್ಲ ಅವಳು. ಬೆರಳು ಮಡಿಸಿದಳು, ಮತ್ತೆ ಬಿಡಿಸಿದಳು.

"ಎಂಗೆ ಏಳ್ಳಿ? ಬಸ್ಸಿನ ಸದ್ದಾದಾಗೆಲ್ಲ ಬಾಗಲಿಗೆ ಓಡ್ತಿದ್ದೆ. ಒಂದು ಗೌರಿ ದಿನ ದೀಪ ಹಚ್ಚೋ ಹೊತ್ತಿಗೆ ಗ್ಯಾನ ಬಂತು, ಇವತ್ತು ನಾನು ಬಾಗಲಿಗೇ ಓಗ್ಲಿಲ್ವಲ್ಲ ಅಂತ. ಅದರ ಹಿಂದಿನ ವರ್ಷ ಓಗಿದ್ನೋ ಇಲ್ವೋ ನೆಪ್ಪೇ ಇಲ್ಲ, ಅಣ್ಣಯ್ಯ."

ಅಷ್ಟು ಹೇಳಿ ಅವನ ಎಲೆಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟು, "ಉಣ್ಣಿ, ಆರೋಯ್ತದೆ" ಅಂದಳು.